ಏರಿಯ ನೆತ್ತಿಯ ಮೇಲೆ ನಡಿಗೆ ಬೇಡ: ಮಾಗಡಿ ಕೆರೆಯ ಕುರಿತು ಒಂದು ಬಹಿರಂಗ ಪತ್ರ

ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶದ ನಿರ್ವಹಣೆ ಹೊತ್ತವರಿಗೆ, ಊರಿನ ಪಂಚಾಯಿತಿಗೆ, ಚಳಿಗಾಲದಲ್ಲಿ ಅಲ್ಲಿಗೆ ಹಕ್ಕಿ ನೋಡಲು ಬರುವ ಎಲ್ಲರಿಗೂ

ಮಾನ್ಯರೇ,

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಮಳೆನೀರು ಹಿಡಿದು ಹೊಲಕ್ಕೆ ಬಿಡಲೆಂದು ಕಟ್ಟಿದ ಕೆರೆ. ವಿಸ್ತೀರ್ಣ ಸುಮಾರು 54 ಹೆಕ್ಟೇರು, ಎಂದರೆ 134 ಎಕರೆ. ಪಟ್ಟೆತಲೆ ಹೆಬ್ಬಾತುಗಳು ದಕ್ಷಿಣ ಭಾರತದಲ್ಲಿ ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. ಕರ್ನಾಟಕದವೇ ಆದ ಅಂಕಸಮುದ್ರ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದೂ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಹೆಸರು ಬಂದ ಮೇಲೆ ಜನ ಬರುತ್ತಾರೆ, ಜನ ಬಂದ ಮೇಲೆ ಯೋಜನೆಗಳು ಬರುತ್ತವೆ. ಇಂಥ ಕೆರೆಗಳಿಗೆ ಬರುವ ಯೋಜನೆಯ ರೂಪ ಎಲ್ಲರಿಗೂ ಗೊತ್ತಿರುವುದೇ: ಸ್ವಾಗತ ಕಮಾನು, ಕೆರೆಯ ಸುತ್ತ ನಡಿಗೆ ಪಥ, ಕಲ್ಲುಬೆಂಚು, ದೀಪದ ಕಂಬ. ಅಂಥದ್ದಕ್ಕೆ ನಕ್ಷೆ ಬರೆಯುವ ಮೊದಲೇ ಜನ ಎಲ್ಲಿ ನಡೆಯಬೇಕು, ಎಲ್ಲಿ ನಡೆಯಬಾರದು ಎಂಬುದೊಂದು ತೀರ್ಮಾನವಾಗಲಿ ಎಂದು ಈ ಪತ್ರ.

ನಮ್ಮ ಕೋರಿಕೆ ಚಿಕ್ಕದು. ನಡಿಗೆ ಕೆರೆಯ ಒಂದು ಬದಿಗಷ್ಟೇ ಇರಲಿ. ಅದು ಏರಿಯ ನೆತ್ತಿಯ ಮೇಲೆ ಬೇಡ, ಏರಿಯ ಹಿಂಬದಿಯ ಬುಡದಲ್ಲಿ ಸಾಗಲಿ. ನೀರಿನತ್ತ ನೋಡಲು ಎರಡು ಮೂರು ಕಡೆ ತಟ್ಟಿಯ ಮರೆ ಇರಲಿ. ಉಳಿದ ದಡವನ್ನು ಹಕ್ಕಿಗೂ ಕುರಿಗೂ ಬಿಟ್ಟುಬಿಡಿ.

ಒಂದೇ ಬದಿ ಏಕೆ ಎಂಬುದಕ್ಕೆ ಲೆಕ್ಕ ಹಾಕಿ ನೋಡಬಹುದು. ಕೆರೆ ಗುಂಡಗಿದೆ ಎಂದು ಊಹಿಸಿಕೊಂಡರೆ 54 ಹೆಕ್ಟೇರಿನ ತ್ರಿಜ್ಯ ಸುಮಾರು 415 ಮೀಟರ್. ಬಯಲಲ್ಲಿ ನಿಂತ ಮನುಷ್ಯನಿಂದ ಹೆಬ್ಬಾತು 150 ಮೀಟರ್ ದೂರ ಇರಬಯಸುತ್ತದೆ ಎಂದಿಟ್ಟುಕೊಳ್ಳೋಣ. ಸುತ್ತಲೂ ಜನ ನಡೆದರೆ ಹಕ್ಕಿಗೆ ಉಳಿಯುವುದು ನಡುವಿನ 265 ಮೀಟರ್ ತ್ರಿಜ್ಯದ ವೃತ್ತ, ಸುಮಾರು 22 ಹೆಕ್ಟೇರು. ಅರ್ಧಕ್ಕಿಂತ ಹೆಚ್ಚು ಕೆರೆ ಹೋಯಿತು. ಗಲಾಟೆ ಹೆಚ್ಚಿರುವ ಭಾನುವಾರ ಆ ದೂರ 200 ಮೀಟರಿಗೆ ಏರಿದರೆ ಉಳಿಯುವುದು 15 ಹೆಕ್ಟೇರಿಗೂ ಕಡಿಮೆ. ಅದೇ ನಡಿಗೆಯನ್ನು ದಡದ ಕಾಲು ಭಾಗಕ್ಕೆ ಸೀಮಿತಗೊಳಿಸಿದರೆ ಹಕ್ಕಿ ಕಳೆದುಕೊಳ್ಳುವುದು ಹೆಚ್ಚೆಂದರೆ ಹನ್ನೆರಡು ಹೆಕ್ಟೇರು. ಸುತ್ತುಪಥ ಕಸಿಯುವ ಜಾಗದ ಗುಣವನ್ನೂ ನೋಡಬೇಕು. ಮೊಣಕಾಲುದ್ದಕ್ಕಿಂತ ಕಡಿಮೆ ನೀರು, ಒದ್ದೆ ಕೆಸರು, ಹುಲ್ಲು ಇರುವುದೆಲ್ಲ ಅಂಚಿನಲ್ಲೇ. ಚಲುಕಬಾತು, ಸೂಜಿಬಾಲದ ಬಾತು, ಮೆಟ್ಟುಗಾಲು ಹಕ್ಕಿ, ಗೊರವಗಳು ಮೇಯುವುದೂ ಅಲ್ಲೇ. ನಡುವಿನ ಆಳ ನೀರಿನಲ್ಲಿ ಅವಕ್ಕೆ ಊಟ ಕಡಿಮೆ.

ಫೆಬ್ರುವರಿಯ ಹೊತ್ತಿಗೆ ನೀರು ಹಿಂದೆ ಸರಿಯುತ್ತದೆ. ಆಗ ಪಥ ನೀರಿನಿಂದ ದೂರವಾಯಿತಲ್ಲ, ಒಳ್ಳೆಯದೇ ಆಯಿತು ಎನ್ನಿಸಬಹುದು. ಹಾಗಾಗುವುದಿಲ್ಲ. ಜನ ನೀರಿನ ಜೊತೆಯೇ ಒಣಗಿದ ಕೆರೆಯಂಗಳಕ್ಕೆ ಇಳಿದುಬಿಡುತ್ತಾರೆ. ಆದ್ದರಿಂದ ಫಲಕದ ಮೇಲೆ ಒಂದೇ ಸಾಲು ಬರೆಸುವುದಾದರೆ ‘ಕೆರೆಯಂಗಳಕ್ಕೆ ಇಳಿಯಬೇಡಿ’ ಎಂದು ಬರೆಸಿ. ‘ಪ್ರಕೃತಿಯನ್ನು ಪ್ರೀತಿಸಿ’ ಎಂಬ ಫಲಕ ಈಗಾಗಲೇ ನಾಡಿನಲ್ಲಿ ಸಾಕಷ್ಟಿದೆ.

ಇನ್ನು ಏರಿಯ ವಿಷಯ. ಹೆಚ್ಚಿನ ಕೆರೆಗಳಲ್ಲಿ ಕಾಲುದಾರಿ ಇರುವುದೇ ಏರಿಯ ನೆತ್ತಿಯ ಮೇಲೆ. ಅಲ್ಲಿ ನಿಂತರೆ ನಮಗೆ ಇಡೀ ಕೆರೆ ಕಾಣುತ್ತದೆ, ಕೆರೆಯಲ್ಲಿರುವ ಪ್ರತಿಯೊಂದು ಹಕ್ಕಿಗೂ ನಾವು ಕಾಣುತ್ತೇವೆ. ಕೆಳಗೆ ನೀರಿನಲ್ಲಿರುವ ಹಕ್ಕಿಗೆ ನಮ್ಮ ಹಿಂದೆ ಗಿಡವಿಲ್ಲ, ಗೋಡೆಯಿಲ್ಲ, ಬರೀ ಆಕಾಶ. ಆ ಬೆಳಕಿನ ಮುಂದೆ ತಲೆ, ಹೆಗಲು, ಎತ್ತಿ ತೋರಿಸುವ ಕೈ ಎಲ್ಲವೂ ಕಪ್ಪಾಗಿ ಕಡೆದಂತೆ ಕಾಣುತ್ತವೆ, ಚೂರು ಅಲುಗಾಡಿದರೂ ಗೊತ್ತಾಗುತ್ತದೆ. ಅದೇ ಮನುಷ್ಯ ಅದೇ ದೂರದಲ್ಲಿ ಜಾಲಿ ಪೊದೆಯ ಮುಂದೆ ಕುಳಿತಿದ್ದರೆ ಹಕ್ಕಿ ಅಷ್ಟಾಗಿ ಗಮನಿಸುವುದಿಲ್ಲ. ಅಂಗಿಯ ಬಣ್ಣಕ್ಕಿಂತ ನಿಂತ ಜಾಗ ಮುಖ್ಯ. ಹಸಿರು ಜಾಕೆಟ್ಟು, ಹಸಿರು ಟೊಪ್ಪಿಗೆ ಹಾಕಿಕೊಂಡು ಏರಿಯ ಮೇಲೆ ಸಾಲಾಗಿ ನಿಲ್ಲುವವರು ಇದನ್ನು ಯೋಚಿಸಬೇಕು. ಹಾಗೆಂದು ಬಿಳಿ ಅಂಗಿಗೆ ಮಾಫಿ ಇಲ್ಲ. ಅದು ಮರೆಯಲ್ಲಿದ್ದರೂ ಹೊಳೆಯುತ್ತದೆ.

ಬಿಳಿ ಧೋತರ ಉಟ್ಟ ರೈತ ಎತ್ತು ಹೊಡೆದುಕೊಂಡು ದಡದಲ್ಲೇ ಹೋದರೂ ಹಕ್ಕಿ ಏಳುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಆತ ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋಗುತ್ತಾನೆ, ನಿಲ್ಲುವುದಿಲ್ಲ, ಹಕ್ಕಿಯನ್ನು ನೋಡುವುದೂ ಇಲ್ಲ. ನಾವು ನಿಲ್ಲುತ್ತೇವೆ, ಬಗ್ಗುತ್ತೇವೆ, ದಿಟ್ಟಿಸುತ್ತೇವೆ, ಮೆಲ್ಲಮೆಲ್ಲನೆ ಹತ್ತಿರ ಸರಿಯುತ್ತೇವೆ. ಬೇಟೆಗೆ ಬಂದ ಪ್ರಾಣಿ ಮಾಡುವುದೂ ಇದನ್ನೇ.

ಹೆಬ್ಬಾತು ಹಾರುವ ಮೊದಲು ಸೂಚನೆ ಕೊಟ್ಟೇ ಹಾರುತ್ತದೆ. ಹಾಯಾಗಿರುವ ಹಿಂಡಿನಲ್ಲಿ ಬಹುಪಾಲು ಹಕ್ಕಿಗಳು ಕುಳಿತಿರುತ್ತವೆ ಅಥವಾ ಒಂಟಿಕಾಲಲ್ಲಿ ನಿಂತು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿರುತ್ತವೆ, ಕಾವಲಿಗೆಂಬಂತೆ ಅಲ್ಲೊಂದು ಇಲ್ಲೊಂದು ಕೊರಳು ಎತ್ತಿರುತ್ತದೆ. ಮೊದಲ ಸೂಚನೆ, ಎತ್ತಿದ ಕೊರಳುಗಳ ಸಂಖ್ಯೆ ಹೆಚ್ಚುವುದು. ಅಲ್ಲಿಗೇ ನಿಲ್ಲಿ. ಮುಂದೆ ಹೆಜ್ಜೆ ಬೇಡ, ಸಾಧ್ಯವಾದರೆ ಕುಳಿತುಕೊಳ್ಳಿ. ಐದು ನಿಮಿಷದೊಳಗೆ ಕೊರಳುಗಳು ಇಳಿದರೆ ಆ ದೂರ ಅವಕ್ಕೆ ಒಪ್ಪಿಗೆ ಎಂದರ್ಥ. ಎರಡನೆಯದು, ಕುಳಿತವು ಎದ್ದು ನೀರಿನತ್ತ ನಡೆಯತೊಡಗುವುದು. ಆಗ ಹಿಂದೆ ಸರಿಯಲೇಬೇಕು. ಮೂರನೆಯದರಲ್ಲಿ ಕೂಗು ಹೆಚ್ಚುತ್ತದೆ, ಎಲ್ಲವೂ ಗಾಳಿಗೆ ಮುಖ ಮಾಡುತ್ತವೆ, ತಲೆಯನ್ನು ಅಡ್ಡಡ್ಡ ಕೊಡವುತ್ತವೆ. ಇಲ್ಲಿಗೆ ಬಂದ ಮೇಲೆ ನೀವು ಏನು ಮಾಡಿದರೂ ತಡವಾಯಿತು. ಎರಡು ಮೂರು ಕಿಲೋ ತೂಗುವ ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಒಂದು ಎದ್ದರೆ ಹಿಂಡೇ ಏಳುತ್ತದೆ, ಅವುಗಳ ಜೊತೆಗೆ ಬಾತುಗಳೂ ಏಳುತ್ತವೆ.

‘ಹಾರಿದರೇನು, ಮತ್ತೆ ಬಂದು ಕೂರುತ್ತವಲ್ಲ’ ಎಂಬ ಮಾತು ಕೇಳಿಬರುತ್ತದೆ. ರೆಕ್ಕೆ ಬಡಿದು ಹಾರುವಾಗ ಹೆಬ್ಬಾತಿಗೆ ಸುಮ್ಮನೆ ಕುಳಿತಾಗಿನ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಕತ್ತಲೆ ಬೆಳಕಿನ ಹೊತ್ತುಗಳಲ್ಲಿ ಹೊಲಕ್ಕೆ ಹೋಗಿ ಶೇಂಗಾ ಕಿತ್ತಲ್ಲಿ ಉಳಿದ ಕಾಯಿ, ಎಳೆಯ ಪೈರು ಮೇಯ್ದು ಬಂದು, ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುವುದು ಅವುಗಳ ದಿನಚರಿ. ಹಗಲಿನ ವಿಶ್ರಾಂತಿ ಕೆಟ್ಟರೆ ಆ ಖೋತಾ ತುಂಬಲು ಹೊಲದಲ್ಲಿ ಇನ್ನಷ್ಟು ಮೇಯಬೇಕು. ಅದರ ನಷ್ಟ ಬೀಳುವುದು ರೈತನ ಕಡಲೆಯ ಮೇಲೆ. ಮಾರ್ಚ್ ಹೊತ್ತಿಗೆ ಇವು ಟಿಬೆಟ್, ಲಡಾಖ್, ಮಂಗೋಲಿಯಾದ ಕಡೆಗೆ ಹಿಮಾಲಯ ದಾಟಿ ಹೊರಡಬೇಕು. ಉಪಗ್ರಹ ಸಾಧನ ಕಟ್ಟಿ ಜಾಡು ಹಿಡಿದ ಹೆಬ್ಬಾತೊಂದು 7,290 ಮೀಟರ್ ಎತ್ತರ ಮುಟ್ಟಿದ ದಾಖಲೆಯಿದೆ. ಆ ಪ್ರಯಾಣಕ್ಕೆ ಬೇಕಾದ ಕೊಬ್ಬು ಕೂಡುವುದು ಇಂಥ ಕೆರೆ ಮತ್ತು ಸುತ್ತಲಿನ ಹೊಲಗಳಲ್ಲಿ.

ಹಾರುವ ಹಕ್ಕಿಯ ಫೋಟೊ ಬೇಕೆಂದು ಹಿಂಡು ಎಬ್ಬಿಸುವವರಿಗೆ ಇಲ್ಲೇ ಒಂದು ಮಾತು. ಬೆಳಿಗ್ಗೆ ಹೊಲದಿಂದ ಮರಳುವಾಗ, ಸಂಜೆ ಹೊರಡುವಾಗ ಅವು ತಾವಾಗಿಯೇ ತಲೆಯ ಮೇಲೆ ಹಾಯುತ್ತವೆ. ಆ ಹೊತ್ತಿನ ಬೆಳಕೂ ಚೆನ್ನ. ನಡುಹಗಲು ಎಬ್ಬಿಸಿ ತೆಗೆದ ಚಿತ್ರದಲ್ಲಿ ಸಿಗುವುದು ಹಕ್ಕಿಯ ಹಿಂಭಾಗ.

ಈಗ ಮರೆಯ ಬಗ್ಗೆ. ಇದಕ್ಕೆ ಸಿಮೆಂಟು ಬೇಡ. 2017ರ ಜೌಗು ಪ್ರದೇಶ ನಿಯಮಗಳು ನೀರಿನ ಸರಾಸರಿ ಗರಿಷ್ಠ ಮಟ್ಟದಿಂದ 50 ಮೀಟರ್ ಒಳಗೆ, ದೋಣಿ ಕಟ್ಟೆ ಬಿಟ್ಟರೆ, ಶಾಶ್ವತ ಕಟ್ಟಡಕ್ಕೆ ಅವಕಾಶ ಕೊಡುವುದಿಲ್ಲ. ಬಿದಿರಿನ ತಟ್ಟಿ ಸಾಕು. ಎತ್ತರ ಆರು ಅಡಿ, ಉದ್ದ ಹದಿನೈದು ಅಡಿ ಇದ್ದರೆ ಆರು ಜನ ಒಟ್ಟಿಗೆ ನೋಡಬಹುದು. ನೋಡುವ ಕಿಂಡಿಗಳು ಎರಡು ಮಟ್ಟದಲ್ಲಿರಲಿ: ನಿಂತು ನೋಡುವವರಿಗೆ ನೆಲದಿಂದ ಸುಮಾರು ಐದು ಅಡಿಯಲ್ಲಿ, ಮಕ್ಕಳಿಗೂ ಗಾಲಿಕುರ್ಚಿಯವರಿಗೂ ಮೂರೂವರೆ ಅಡಿಯಲ್ಲಿ. ಕಿಂಡಿ ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ ಇದ್ದರೆ ಸಾಕು. ದೊಡ್ಡದು ಮಾಡಿದರೆ ಕೈ ಹೊರಗೆ ಬರುತ್ತದೆ, ಕೈಯ ಹಿಂದೆಯೇ ಮೊಬೈಲು.

ಸಾಮಾನ್ಯವಾಗಿ ತಪ್ಪುವುದು ಹಿಂಬದಿಯಲ್ಲಿ. ಮುಂದೆ ಮಾತ್ರ ತಟ್ಟಿ ಕಟ್ಟಿ ಹಿಂದೆ ಬಯಲು ಬಿಟ್ಟರೆ ಕಿಂಡಿಯ ಮೂಲಕ ಹಕ್ಕಿಗೆ ಆ ಕಡೆಯ ಆಕಾಶ ಕಾಣುತ್ತದೆ, ಯಾರಾದರೂ ಅಡ್ಡ ಬಂದಾಗೆಲ್ಲ ಕಿಂಡಿ ಕಪ್ಪಾಗಿ ಮಿಟುಕುತ್ತದೆ. ಹಿಂದೆಯೂ ಒಂದು ತಟ್ಟಿ ಅಥವಾ ಗೋಣಿಪರದೆ ಬೇಕು. ಏರಿಯ ಬುಡದಿಂದ ಮರೆಯವರೆಗೆ ಹತ್ತಿಬರುವ ಮೆಟ್ಟಿಲಿಗೂ ಎರಡೂ ಪಕ್ಕ ತಟ್ಟಿ ಇರಬೇಕು. ಇಲ್ಲದಿದ್ದರೆ ಮರೆ ಸೇರುವ ಮೊದಲೇ ಹಕ್ಕಿ ಎದ್ದಿರುತ್ತದೆ. ಹಲಗೆಯ ನೆಲ ಬೂಟಿಗೆ ಸದ್ದು ಮಾಡುತ್ತದೆ, ಬಡಿದು ಗಟ್ಟಿ ಮಾಡಿದ ಮಣ್ಣೇ ಮೇಲು. ಮುಖ್ಯವಾಗಿ, ಕಂಬಕ್ಕೆಂದು ಏರಿಯ ಮೈ ಅಗೆಯಬಾರದು. ಮಣ್ಣಿನ ಏರಿಯಲ್ಲಿ ಗುಂಡಿ ತೋಡಿ ಕಂಬ ಹುಗಿದರೆ ಅದರ ಪಕ್ಕದಲ್ಲೇ ಮಳೆನೀರು ಇಳಿದು ಏರಿ ಸಡಿಲವಾಗುತ್ತದೆ. ಮಣ್ಣು ತುಂಬಿದ ಡ್ರಮ್ಮುಗಳಲ್ಲಿ ಕಂಬ ನಿಲ್ಲಿಸಿ ಮರಳುಚೀಲ ಒತ್ತಿಟ್ಟರೆ ಒಂದು ಹಂಗಾಮಿಗೆ ಗಾಳಿ ತಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಚ್ಚಿ ಒಳಗಿಡಬಹುದು.

ಯಾವ ಬದಿ ಎಂಬುದನ್ನು ಸೂರ್ಯ ಹೇಳುತ್ತಾನೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುವುದರಿಂದ ಕೆರೆಯ ದಕ್ಷಿಣ ಅಥವಾ ಆಗ್ನೇಯ ದಡದಿಂದ ಉತ್ತರಕ್ಕೆ ನೋಡಿದರೆ ಹೆಚ್ಚು ಹೊತ್ತು ಬೆಳಕು ಬೆನ್ನಿಗಿರುತ್ತದೆ. ಪಶ್ಚಿಮ ದಡದಲ್ಲಿ ಮರೆ ಕಟ್ಟಿದರೆ ಬೆಳಗಿನ ಹೊತ್ತು ಎಲ್ಲ ಹಕ್ಕಿಯೂ ಕಪ್ಪು ಚುಕ್ಕೆ. ಏರಿ ಇರುವ ದಿಕ್ಕು, ಬೆಳಕಿನ ದಿಕ್ಕು, ದಾರಿ ಮೂರೂ ಕೂಡಿಬರುವ ಜಾಗ ಹುಡುಕಲು ಒಂದು ಬೆಳಿಗ್ಗೆ, ಒಂದು ಸಂಜೆ ಅಲ್ಲಿ ನಿಂತು ನೋಡಿದರೆ ಸಾಕು. ಕಚೇರಿಯಲ್ಲಿ ಕುಳಿತು ನಕ್ಷೆಯ ಮೇಲೆ ಗೆರೆ ಎಳೆದರೆ ಆಗುವ ಕೆಲಸವಲ್ಲ.

ಬರುವವರಿಗೆ ಕೆಲವು ಮಾತು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಸುಮಾರಿಗೆ. ಅದಕ್ಕೆ ಮುಂಚೆಯೇ ಬಂದು ಕುಳಿತಿರಿ. ಹೊಲದಿಂದ ಮರಳುವ ಹಿಂಡು ಇಳಿಯುವ ಮೊದಲು ಸುತ್ತು ಹಾಕಿ ದಡ ಪರೀಕ್ಷಿಸುತ್ತದೆ. ಆಗ ಓಡಾಟ ಕಂಡರೆ ದೂರದ ಮೂಲೆಗೆ ಇಳಿಯುತ್ತದೆ, ಆಮೇಲೆ ಇಡೀ ದಿನ ನಿಮಗೆ ಅಲ್ಲಿಂದಲೇ ದರ್ಶನ. ಹತ್ತು ಗಂಟೆ ದಾಟಿದರೆ ಬಿಸಿಲ ಝಳಕ್ಕೆ ಮಸೂರದೊಳಗಿನ ಚಿತ್ರ ಕುದಿಯುವಂತೆ ಅಲುಗತೊಡಗುತ್ತದೆ. ಸ್ಕೋಪನ್ನು (ಮುಕ್ಕಾಲಿಯ ಮೇಲಿಡುವ ದೂರದರ್ಶಕ) 60 ಪಟ್ಟಿಗೆ ಏರಿಸಿದಷ್ಟೂ ಕುದಿತವೇ ದೊಡ್ಡದಾಗುತ್ತದೆ. 20ರಿಂದ 30ರ ನಡುವೆ ಇಟ್ಟುಕೊಳ್ಳಿ.

ದುರ್ಬೀನು ಕೊಳ್ಳುವವರು 8×42 ಕೊಂಡರೆ ಪಶ್ಚಾತ್ತಾಪವಿಲ್ಲ. ಎಂಟು ಪಟ್ಟು ಹಿಗ್ಗುವಿಕೆ, 42 ಮಿಲಿಮೀಟರ್ ಮುಂಗಾಜು. ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬ ಐದು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ನಸುಕಿಗೂ ಸಾಕು. ಹತ್ತು ಪಟ್ಟಿನದರಲ್ಲಿ ಕೈನಡುಕವೂ ಹತ್ತು ಪಟ್ಟು. ಕೊಂಡ ಮೇಲೆ ಬಹಳ ಮಂದಿ ಮಾಡದೆ ಬಿಡುವ ಕೆಲಸವೊಂದಿದೆ. ಬಲಗಣ್ಣು ಮುಚ್ಚಿ, ದೂರದ ಕಂಬದ ಮೇಲೆ ನಡುಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಬಳಿಕ ಎಡಗಣ್ಣು ಮುಚ್ಚಿ, ನಡುಚಕ್ರ ಮುಟ್ಟದೆ, ಬಲ ಕಣ್ಗಾಜಿನ ಬಳೆ ತಿರುಗಿಸಿ ಅದೇ ಕಂಬವನ್ನು ಸ್ಪಷ್ಟ ಮಾಡಿ. ಕೆಲವು ಮಾದರಿಗಳಲ್ಲಿ ಈ ಬಳೆ ಬೇರೆ ಕಡೆ ಇರುತ್ತದೆ, ಕೊಳ್ಳುವಾಗಲೇ ಕೇಳಿಕೊಳ್ಳಿ. ಇದನ್ನು ಮಾಡದ ದುರ್ಬೀನು ಅರ್ಧ ಗಂಟೆಯಲ್ಲಿ ತಲೆನೋವು ತರುತ್ತದೆ, ಬೈಗುಳ ಕಂಪನಿಗೆ ಹೋಗುತ್ತದೆ. ಕನ್ನಡಕದವರು ಕಣ್ಣಿನ ರಬ್ಬರು ಬಟ್ಟಲನ್ನು ಕೆಳಗೆ ಇಳಿಸಿಕೊಳ್ಳಬೇಕು.

ನಡೆಯುವಾಗ ಹಕ್ಕಿಯತ್ತ ನೇರವಾಗಿ ಹೋಗದೆ ಓರೆಯಾಗಿ ಸಾಗಿ. ಆರು ಜನಕ್ಕಿಂತ ದೊಡ್ಡ ಗುಂಪಾದರೆ ಎರಡಾಗಿ. ಕಾರಿನ ಬಾಗಿಲು ಬಡಿಯಬೇಡಿ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕುವುದು, ಡ್ರೋನ್ ಹಾರಿಸುವುದು ಎರಡೂ ಬೇಡವೇ ಬೇಡ. ಹಿಂಡಿಗೆ ಡ್ರೋನೂ ಒಂದು ಹದ್ದು.

ಎಣಿಸುವ ಆಸೆ ಇದ್ದವರಿಗೆ ಒಳ್ಳೆಯ ಕೆಲಸವಿದೆ. 1987ರಿಂದ ನಡೆಯುತ್ತಿರುವ ಏಷ್ಯಾ ಜಲಪಕ್ಷಿ ಗಣತಿ ಪ್ರತಿ ಜನವರಿಯಲ್ಲಿ ಬರುತ್ತದೆ. ಹಿಂಡಿನಲ್ಲಿ ಮೊದಲು ಹತ್ತನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಎಂದು ಕಣ್ಣಿಗೆ ಕೂರಿಸಿಕೊಳ್ಳಿ, ಆ ಅಳತೆಯಲ್ಲಿ ಮುಂದೆ ಸಾಗಿ. ಹಿಂಡಿನ ಅಂಚು ತೆಳ್ಳಗೆ, ನಡು ದಟ್ಟ. ಅಂಚಿನ ಹತ್ತನ್ನು ಅಳತೆಗೆ ತೆಗೆದುಕೊಂಡರೆ ಲೆಕ್ಕ ಕಡಿಮೆ ಬರುತ್ತದೆ. ಸಂಖ್ಯೆಗಿಂತ ಉಪಯುಕ್ತವಾದುದು ಮರಿಗಳ ಪಾಲು. ಆ ವರ್ಷ ಹುಟ್ಟಿದ ಹೆಬ್ಬಾತಿನ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವುದಿಲ್ಲ, ನೆತ್ತಿ ಮತ್ತು ಹಿಂಗೊರಳು ಬೂದುಗಂದು. ನೂರರಲ್ಲಿ ಅಂಥವು ಎಷ್ಟು ಎಂದು ಬರೆದಿಟ್ಟರೆ ಅತ್ತ ಗೂಡು ಕಟ್ಟುವ ನಾಡಿನಲ್ಲಿ ಆ ಬೇಸಿಗೆ ಹೇಗಿತ್ತೆಂದು ತಿಳಿಯುತ್ತದೆ. ಚಳಿಗಾಲ ಮುಗಿಯುತ್ತ ಬಂದಂತೆ ಗರಿ ಬದಲಾಗಿ ಗುರುತು ಕಷ್ಟವಾಗುವುದರಿಂದ ಡಿಸೆಂಬರ್ ಒಳಗೇ ಮಾಡಬೇಕು. ಮಂಗೋಲಿಯಾದಲ್ಲಿ ಸಂಶೋಧಕರು ಗುರುತಿಗೆಂದು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಅಂಥದ್ದು ಕಂಡರೆ ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರ ಮತ್ತು ಅಂಕಿ ಇಷ್ಟನ್ನೂ ಬರೆದುಕೊಳ್ಳಿ. ಓದಲಾಗದಿದ್ದರೆ ಬಿಡಿ, ಅದಕ್ಕಾಗಿ ಹತ್ತಿರ ಹೋಗಬೇಡಿ.

ಮತ್ತೆ ಮೀಸಲಿನ ನಿರ್ವಹಣಾ ಸಮಿತಿಯವರಿಗೆ. ಹೂಳು ತೆಗೆಯುವಾಗ ಅಂಚನ್ನು ಬಟ್ಟಲಿನಂತೆ ಕಡಿದಾಗಿ ಕತ್ತರಿಸಬೇಡಿ. ಒಂದು ಅಡಿ ಆಳಕ್ಕೆ ಹತ್ತು ಅಡಿಗಿಂತ ಹೆಚ್ಚು ದೂರ ಇಳಿಯುವ ಇಳಿಜಾರು ಉಳಿಯಬೇಕು. ಆಗ ನೀರು ಇಂಗಿದಂತೆ ಪ್ರತಿ ವಾರ ಹೊಸ ಕೆಸರಂಚು ತೆರೆದುಕೊಳ್ಳುತ್ತದೆ. ಆಳ ಬೇಕಿದ್ದರೆ ನಡುವೆ ಅಗೆಯಿರಿ. ದಡದ ಸುತ್ತ ಗಿಡ ನೆಡುವ ಯೋಜನೆಗೂ ನಮ್ಮ ವಿರೋಧವಿದೆ, ಕೇಳಲು ವಿಚಿತ್ರ ಎನಿಸಿದರೂ. ಹೆಬ್ಬಾತು ಬಯಲಿನ ಹಕ್ಕಿ. ನಾಲ್ಕೂ ಕಡೆ ದೂರದವರೆಗೆ ಕಣ್ಣು ಹಾಯದ ಕಡೆ ಅದಕ್ಕೆ ನೆಮ್ಮದಿಯಿಲ್ಲ. ಅಂಕಸಮುದ್ರದಲ್ಲಿ ಕೊಕ್ಕರೆಗಳಿಗೆ ಗೂಡಿಗೆಂದು ನೀರಿನೊಳಗಿನ ಕರಿಜಾಲಿ ಬೇಕು, ಆ ಮರಗಳೇ ಅಲ್ಲಿನ ಆಸ್ತಿ. ಅಲ್ಲಿಯ ಮದ್ದನ್ನು ಇಲ್ಲಿಗೆ ತರಬಾರದು. ಕುರಿಗಾಹಿಗಳನ್ನು ಕೆರೆಯಂಗಳದಿಂದ ಓಡಿಸುವುದೂ ಬೇಡ. ಹೆಬ್ಬಾತಿಗೆ ಬೇಕಾದುದು ಗಿಡ್ಡ ಹುಲ್ಲು, ಅದನ್ನು ಗಿಡ್ಡವಾಗಿಡುವುದು ಕುರಿ. ಓಡಿಸಬೇಕಾದ್ದು ನಾಯಿಗಳನ್ನು. ಅವು ಬರುವುದು ಪ್ರವಾಸಿಗರು ಬಿಸಾಡಿದ ಊಟಕ್ಕೆ. ಆದ್ದರಿಂದ ತಿಂಡಿಯ ಅಂಗಡಿ, ಬೆಂಚು, ಕಸದ ತೊಟ್ಟಿ ಎಲ್ಲವೂ ವಾಹನ ನಿಲ್ಲಿಸುವ ಜಾಗದಲ್ಲೇ ಇರಲಿ, ನೀರಿನ ಹತ್ತಿರ ಬೇಡ.

ಸತ್ತ ಹಕ್ಕಿ ಕಂಡರೆ ಯಾರೂ ಮುಟ್ಟಬಾರದು, ಕೂಡಲೇ ಅರಣ್ಯ ಮತ್ತು ಪಶುಸಂಗೋಪನೆ ಇಲಾಖೆಗೆ ತಿಳಿಸಬೇಕು. 2021ರ ಆರಂಭದಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಹಕ್ಕಿಜ್ವರಕ್ಕೆ ಸತ್ತವುಗಳಲ್ಲಿ ಬಹುಪಾಲು ಇದೇ ಪಟ್ಟೆತಲೆ ಹೆಬ್ಬಾತುಗಳು. ಕೆರೆಯಿಂದ ಕೋಳಿಫಾರಂ ಕಡೆಗೆ ಹೋಗುವವರು ಪಾದರಕ್ಷೆ ತೊಳೆದುಕೊಂಡು ಹೋಗಲಿ.

ವನ್ಯಜೀವಿ ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಗ್ರಾಮ ಪಂಚಾಯಿತಿಯ, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳ ಹಾಗೂ ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಸಂಸ್ಥೆಗಳ ಪ್ರತಿನಿಧಿಗಳಿರಬೇಕು. ಮೇಲೆ ಹೇಳಿದ ಪ್ರತಿಯೊಂದಕ್ಕೂ ಉತ್ತರ ಕೊಡಬಲ್ಲವರು ಒಂದೇ ಮೇಜಿನ ಸುತ್ತ ಇರುತ್ತಾರೆ. ಹೆಬ್ಬಾತುಗಳು ನವೆಂಬರಿನಲ್ಲಿ ಬರತೊಡಗುತ್ತವೆ. ತಟ್ಟಿ, ಡ್ರಮ್ಮು, ಫಲಕದ ಕೆಲಸ ಅಕ್ಟೋಬರ್ ಮುಗಿಯುವುದರೊಳಗೆ ಆಗಬೇಕು, ಹಕ್ಕಿ ಬಂದ ಮೇಲೆ ಸುತ್ತಿಗೆ ಸದ್ದು ಬೇಡ. ಹಾಗಾಗಿ ನಡಿಗೆಯ ಬದಿ ಯಾವುದು ಎಂಬ ತೀರ್ಮಾನ ಸೆಪ್ಟೆಂಬರಿನ ಸಭೆಯಲ್ಲಿ ಆಗಲಿ. ಜಾಗ ಗುರುತಿಸಲು, ತಟ್ಟಿ ಕಟ್ಟಲು, ಮೊದಲ ಕೆಲವು ಭಾನುವಾರ ಏರಿಯ ಬುಡದಲ್ಲಿ ನಿಂತು ಜನರಿಗೆ ದಾರಿ ತೋರಿಸಲು ನಾವು ಬರುತ್ತೇವೆ.

ಇಂತಿ,
ಕೆರೆ ದಡದಲ್ಲಿ ನಡೆಯುವ ಹಕ್ಕಿ ನೋಡುಗರು